ಬಾಗಿಲಿನ ಸದ್ದು ಮಾತ್ರ ಡೋಲ್ಫಿಯದು

ಸ್ಟೇಜಿನ ಮೇಲೆ ಕಾರ್ಮೆಲ್‌ಗೆ ಗಂಡನಾಗುವ ಹಕ್ಕು ತನ್ನೊಬ್ಬನದೇ ಎಂದು ಡೋಲ್ಫಿ ನಂಬಿದ್ದ. ನಂಬದೆ ಏನು ಮಾಡುತ್ತಾನೆ ಪಾಪ. ಕುವೈಟಿನ ಅವರ ಕನ್ನಡ ಬಳಗದಲ್ಲಿ ವರ್ಷಕ್ಕೊಂದು ನಾಟಕ, ಆ ನಾಟಕಕ್ಕೆ ನಾಯಕ ಡೋಲ್ಫಿ, ನಾಯಕಿ ಕಾರ್ಮೆಲ್. ಇದು ಅವರ ಮದುವೆಗೂ ಮುಂಚಿನಿಂದ ನಡೆದುಕೊಂಡು ಬಂದದ್ದು. ಅಸಲಿಗೆ ಮದುವೆಯೇ ಆ ಸ್ಟೇಜಿನಿಂದ ಇಳಿದು ಬಂದದ್ದು. ಮೂರನೇ ಅಂಕದಲ್ಲಿ ಕೈ ಹಿಡಿದವರು ಪರದೆ ಬಿದ್ದ ಮೇಲೂ ಬಿಡಲಿಲ್ಲ ಎಂದು ಹಳಬರು ಈಗಲೂ ತಮಾಷೆ ಮಾಡುತ್ತಾರೆ. ಹಗಲಿಡೀ ಶುವೈಖಿನ ಗೋಡೌನಿನಲ್ಲಿ ಲಾರಿಯ ಬಿಡಿಭಾಗ ಕಳಿಸುವ ಮನುಷ್ಯ ವರ್ಷಕ್ಕೊಂದು ಸಂಜೆ ಜಮೀನ್ದಾರನೋ ವಕೀಲನೋ ಆಗುತ್ತಿದ್ದ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಅವನೆದುರು ನಿಂತು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳು ಅವನನ್ನು ಹಾಗೆ ನೋಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆದರೆ ಸ್ಟೇಜಿನಲ್ಲಿ ನೋಡುತ್ತಿದ್ದಳಲ್ಲ, ಡೋಲ್ಫಿಗೆ ಅಷ್ಟು ಸಾಕಿತ್ತು.

ಈ ವರ್ಷ ಎಡವಟ್ಟಾಯಿತು. ಬಳಗಕ್ಕೆ ಸಿಗುತ್ತಿದ್ದ ಶಾಲೆಯ ಹಾಲಿನಲ್ಲಿ ಸ್ಟೇಜು ಕಿತ್ತು ಹಾಕಿದ್ದರು, ಹೊಸದು ಕಟ್ಟಿರಲಿಲ್ಲ. ದೊಡ್ಡ ಬಿಳಿ ಪರದೆಯೊಂದು ಮಾತ್ರ ಉಳಿದಿತ್ತು. ನಾಟಕ ಇಲ್ಲದೆ ವಾರ್ಷಿಕೋತ್ಸವ ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಕಾರ್ಯದರ್ಶಿ ಪಾವನಾ ಬಾಯಿ ಬಿಟ್ಟಳು. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ಚಿಕ್ಕದು, ಸಿನಿಮಾ ಹುಚ್ಚು ವಿಪರೀತ.

"ಒಂದು ಹಳೇ ಜರ್ಮನ್ ಮೂಕಿ ಚಿತ್ರ ಇದೆ. ನೂರು ವರ್ಷದ ಹಿಂದಿನದು. ಅದೂ ನಾಟಕದಿಂದಲೇ ತೆಗೆದಿದ್ದು. ಪರದೆ ಮೇಲೆ ಅದನ್ನ ಬಿಡೋಣ, ಪಕ್ಕದಲ್ಲಿ ಮೈಕ್ ಹಿಡಿದು ನಾವು ಕನ್ನಡದಲ್ಲಿ ಮಾತಾಡೋಣ. ನಾಟಕವೂ ಆಯ್ತು, ಸಿನಿಮಾನೂ ಆಯ್ತು."

ಎಲ್ಲರೂ ಸೇರಿ ಲ್ಯಾಪ್‌ಟಾಪಿನಲ್ಲಿ ಚಿತ್ರ ನೋಡಿದರು. ಡೋಲ್ಫಿಗೆ ಮೊದಲ ನೋಟಕ್ಕೇ ಹಿಡಿಸಿತು. ಒಂದೇ ಕೋಣೆ, ಒಂದೇ ಬಾಗಿಲು, ಬರುವವರೂ ಹೋಗುವವರೂ ಅದರಲ್ಲೇ. ಪಾತ್ರಧಾರಿಗಳೆಲ್ಲ ಎದುರಿಗೆ ಜನ ಕೂತಿದ್ದಾರೆ ಎಂಬಂತೆ ಇತ್ತ ಮುಖ ಮಾಡಿ ಅಳುತ್ತಿದ್ದರು. ಇವರು ನಮ್ಮವರೇ, ನಾಟಕದವರು, ಎಂದುಕೊಂಡ ಡೋಲ್ಫಿ. ಕಥೆಯೂ ದೊಡ್ಡದೇನಲ್ಲ. ಗಡಿಯಾರ ರಿಪೇರಿ ಮಾಡುವ ಗಂಡ, ಅವನ ಹೆಂಡತಿ, ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗ. ಗಂಡನಿಗೆ ಅನುಮಾನ. ಬಾಯಿಬಿಟ್ಟು ಕೇಳುವುದಿಲ್ಲ, ಗಡಿಯಾರದ ಮುಂದೆ ಕೂತು ಕಣ್ಣು ಕೆಂಪು ಮಾಡುತ್ತಾನೆ ಅಷ್ಟೆ. ಕೊನೆಗೆ ಹೆಂಡತಿ ಶಾಲು ಹೊದ್ದುಕೊಂಡು ಬಾಗಿಲ ಬಳಿ ನಿಂತು ಏನೋ ಹೇಳುತ್ತಾಳೆ. ಏನು ಹೇಳುತ್ತಾಳೆ ಎಂದು ತೋರಿಸುವ ಅಕ್ಷರದ ಹಲಗೆ ಅಲ್ಲಿ ಬರುವುದೇ ಇಲ್ಲ. ತುಟಿ ಮಾತ್ರ ಅಲುಗುತ್ತದೆ. ಹೊರಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ಮುಗಿಯಿತು.

ಗಂಡನ ಪಾತ್ರ ತನ್ನದೇ ಎಂದು ಡೋಲ್ಫಿ ಗಂಟಲು ಸರಿಮಾಡಿಕೊಂಡು ಕೂತಿದ್ದ. ಪಾವನಾ ಮೈಕಿನಲ್ಲಿ ಎಲ್ಲರ ದನಿ ಪರೀಕ್ಷೆ ಮಾಡಿ ಅವನನ್ನು ಪಕ್ಕಕ್ಕೆ ಕರೆದಳು.

"ಬೇಜಾರು ಮಾಡ್ಕೋಬೇಡಿ ಅಂಕಲ್. ನಿಮ್ಮ ಆಕ್ಟಿಂಗ್ ಎಲ್ಲ ಇರೋದು ನಿಮ್ಮ ಕಣ್ಣಲ್ಲಿ, ಭುಜದಲ್ಲಿ. ಇಲ್ಲಿ ಕಣ್ಣು ಭುಜ ಆ ಜರ್ಮನ್‌ದು ಆಗಲೇ ಇದೆ. ನಮಗೆ ಬೇಕಾಗಿರೋದು ಗಂಟಲೊಂದೇ."

ಆ ಗಂಟಲು ಯಾರದ್ದು ಅಂತೀರಿ? ಶ್ಯಾಮಸುಂದರನದ್ದು. ಮೈಸೂರಿನ ಇಂಜಿನಿಯರ್, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಇಲ್ಲಿಯ ಎಗೈಲಾದಲ್ಲಿ ಒಬ್ಬನೇ ಇರುವವನು. ಹಿಂದೆ ಜರ್ಮನರ ಜೊತೆ ಯಾವುದೋ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿ ಅವರ ಭಾಷೆ ಕಲಿತಿದ್ದ. ಸ್ಟೇಜಿನ ಮೇಲೆ ನಿಲ್ಲಿಸಿದರೆ ಕೈ ಎಲ್ಲಿಡಬೇಕೆಂದು ಗೊತ್ತಾಗದ ಮನುಷ್ಯ. ಆದರೆ ಮೈಕಿನಲ್ಲಿ ದನಿ ಬಂದರೆ ರೇಡಿಯೋದವನ ಹಾಗೆ. ಹೆಂಡತಿಯ ಪಾತ್ರಕ್ಕೆ ಮಾತು ಕಾರ್ಮೆಲ್‌ದು. ಇಬ್ಬರಿಗೂ ಸೇರಿ ಒಂದೇ ಮೈಕ್. ಡೋಲ್ಫಿಗೆ ಸಿಕ್ಕಿದ್ದು ಸದ್ದು. ಬಾಗಿಲು, ಹೆಜ್ಜೆ, ಗಡಿಯಾರ, ಚಹಾ ಗ್ಲಾಸು.

"ಸದ್ದು ಅಂದ್ರೆ ಸಣ್ಣ ಕೆಲಸ ಅಲ್ಲ ಡೋಲ್ಫಿ ಸಾರ್," ಎಂದ ಶ್ಯಾಮಸುಂದರ್. "ನೀವು ಬಾಗಿಲು ಹಾಕದೆ ಇದ್ರೆ ನಮ್ಮ ಸಿನಿಮಾ ಮುಗಿಯೋದೇ ಇಲ್ಲ."

ಸಮಾಧಾನ ಹೇಳುವವನ ಮೇಲೆ ಬರುವ ಸಿಟ್ಟು ಬೈಯುವವನ ಮೇಲೂ ಬರುವುದಿಲ್ಲ. ಡೋಲ್ಫಿ ಹಲ್ಲು ಕಿರಿದು "ಖಲಾಸ್, ಆಯ್ತು, ಮಾಡುವ" ಎಂದ. ಹೊಟ್ಟೆಯೊಳಗೆ ಆಗಲೇ ಕಿಚ್ಚು ಹತ್ತಿತ್ತು.

ಆದರೂ ಸುಮ್ಮನೆ ಮಾಡುವ ಜಾತಿಯವನಲ್ಲ. ಶುವೈಖಿನ ಗ್ಯಾರೇಜುಗಳನ್ನೆಲ್ಲ ತಿರುಗಿ ಹಳೇ ಲಾರಿಯ ಬಾಗಿಲಿನ ಬೀಗ ತಂದ, ಅದನ್ನು ಮರದ ಹಲಗೆಗೆ ಕೂರಿಸಿದ. ಚಿಲಕ ತಿರುಗಿಸಿ ಹಲಗೆ ನೂಕಿದರೆ ನೂರು ವರ್ಷ ಹಳೆಯ ಮನೆಯ ಬಾಗಿಲು ಮುಚ್ಚಿದ ಹಾಗೆ ಕೇಳುತ್ತಿತ್ತು. ಹೆಜ್ಜೆಗೆ ಒಂದು ಟ್ರೇ ಮರಳು, ಚಹಾಕ್ಕೆ ಇಲ್ಲಿಯವರು ಕುಡಿಯುವ ಪುಟ್ಟ ಗ್ಲಾಸುಗಳು. ಚಿತ್ರವನ್ನು ಎಷ್ಟು ಸಲ ನೋಡಿದನೆಂದರೆ ಪರದೆಯ ಮೇಲೆ ಬಾಗಿಲು ಅಲುಗುವ ಮೊದಲೇ ಅವನ ಕೈ ಚಿಲಕದ ಮೇಲಿರುತ್ತಿತ್ತು. ಕಣ್ಣು ಮುಚ್ಚಿ ಕೂತರೂ ಕೈ ತಪ್ಪುತ್ತಿರಲಿಲ್ಲ.

ರಿಹರ್ಸಲ್ ಅಬು ಹಲೀಫಾದಲ್ಲಿ, ಡೋಲ್ಫಿಯ ಫ್ಲಾಟಿನಲ್ಲೇ. ಪರದೆಯ ಮೇಲೆ ಅಕ್ಷರದ ಹಲಗೆ ಬಂದಾಗಲೆಲ್ಲ ಶ್ಯಾಮಸುಂದರ್ ಮೊದಲು ಜರ್ಮನ್ ಓದುತ್ತಿದ್ದ, ಆಮೇಲೆ ಅದರ ಕನ್ನಡ ಹೇಳುತ್ತಿದ್ದ, ಎಲ್ಲರೂ ಅದನ್ನೇ ಉರು ಹೊಡೆಯುತ್ತಿದ್ದರು. ಒಂದು ಸಂಜೆ ಅವನು ಬರುವುದು ತಡವಾಯಿತು. ಹಲಗೆ ಬಂತು, ಎಲ್ಲರೂ ಕೈಕಟ್ಟಿ ಕೂತರು. ಕಾರ್ಮೆಲ್ ಚಪಾತಿ ಲಟ್ಟಿಸುತ್ತಿದ್ದ ಕೈ ಒರೆಸಿಕೊಂಡು ಬಂದು ಆ ಸೊಟ್ಟ ಅಕ್ಷರಗಳನ್ನು ಸರಸರ ಓದಿಬಿಟ್ಟಳು.

"ಆಂಟಿ, ನಿಮಗೆ ಜರ್ಮನ್ ಬರುತ್ತಾ?" ಎಂದಳು ಪಾವನಾ.

"ಶ್ಯಾಮಣ್ಣ ಸ್ವಲ್ಪ ಹೇಳಿಕೊಟ್ಟಿದ್ದಾರೆ," ಎಂದು ಕಾರ್ಮೆಲ್ ಅಡುಗೆಮನೆಗೆ ಹೋದಳು.

ಹೌದಾ? ಯಾವಾಗ? ಎಲ್ಲಿ? ಡೋಲ್ಫಿ ಹಿಂದೆಯೇ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಹೆಂಡತಿಯ ಗುಟ್ಟನ್ನು ಹೆಂಡತಿಯ ಹತ್ತಿರವೇ ಕೇಳಿ ಸಣ್ಣವನಾಗುವುದು ಯಾರಿಗೆ ಬೇಕು ಎಂಬ ಬಿಗುಮಾನ. ಆ ದಿನದಿಂದ ಅವನ ಕಿವಿ ನೆಟ್ಟಗಾಯಿತು, ಅಷ್ಟೆ.

ಕಿವಿ ನೆಟ್ಟಗಾದ ಮೇಲೆ ಕೇಳಿಸದಿರುತ್ತದೆಯೇ. ಕಾರ್ಮೆಲ್‌ಗೆ ಶ್ಯಾಮಸುಂದರನಿಂದ ವಾಯ್ಸ್ ಮೆಸೇಜು ಬರುತ್ತಿದ್ದವು. ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಇಸ್ತ್ರಿ ಮಾಡುತ್ತ ಫೋನನ್ನು ಕಿವಿಗಿಟ್ಟು ಕೇಳುತ್ತಿದ್ದಳು, ಆಮೇಲೆ ತಾನೂ ಮೆಲ್ಲಗೆ ಹೇಳುತ್ತಿದ್ದಳು. ಅದರಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು. 'ಮೈನ್ ಮಾನ್ ಕೊಮ್ಟ್ ಮಿಟ್.' ಬಂಗುಡೆ ಹುರಿಯುವಾಗ ಅದೇ, ತಲೆ ಬಾಚುವಾಗ ಅದೇ. ಒಮ್ಮೆ ಹೇಳಿ, ಸರಿಯಾಗಲಿಲ್ಲವೆಂಬಂತೆ ತಲೆಯಾಡಿಸಿ, ಇನ್ನೊಮ್ಮೆ ಹೇಳಿ, ಯಾರಿಗೂ ಕಾಣದೆ ನಗುತ್ತಿದ್ದಳು. ಆ ನಗು ಡೋಲ್ಫಿಗೆ ಗೊತ್ತಿತ್ತು. ಹೊಸ ನಾಟಕದ ಮೊದಲ ರಿಹರ್ಸಲ್‌ನಲ್ಲಿ, ಅವರಿನ್ನೂ ಗಂಡ ಹೆಂಡತಿ ಆಗಿರದ ಕಾಲದಲ್ಲಿ, ಅವಳು ಅವನಿಗಾಗಿ ನಕ್ಕ ನಗು ಅದು.

ಆ ವಾಕ್ಯ ಸಿನಿಮಾದ್ದಲ್ಲ. ಅದು ಡೋಲ್ಫಿಗೆ ಖಚಿತ. ಪ್ರತಿಯೊಂದು ಹಲಗೆಯ ಜರ್ಮನ್ನನ್ನೂ ಅವನು ಶ್ಯಾಮಸುಂದರನ ಬಾಯಲ್ಲಿ ಕೇಳಿ ಕೇಳಿ ಕಿವಿ ತೂತು ಮಾಡಿಕೊಂಡಿದ್ದ. ಇದು ಎಲ್ಲೂ ಇರಲಿಲ್ಲ. ಹಾಗಾದರೆ ಇದು ಅವರಿಬ್ಬರದೇ. ಫೋನಿಗೆ ಹೇಳಿದರೆ ಅರ್ಥ ಅದೇ ಹೇಳುತ್ತದೆ ಎಂದು ಅವನಿಗೂ ಗೊತ್ತಿತ್ತು. ಗೋಡೌನಿನ ಮೂಲೆಯಲ್ಲಿ ನಿಂತು ಫೋನನ್ನು ಬಾಯಿಯ ಹತ್ತಿರ ತಂದ, ಮತ್ತೆ ಜೇಬಿಗಿಟ್ಟ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಮಾರಾಯರೆ. ಉತ್ತರ ಬಂದ ಮೇಲೆ ಆ ಫ್ಲಾಟಿಗೆ ಹೋಗಿ ಅವಳು ಬಡಿಸಿದ್ದನ್ನು ಉಣ್ಣುವುದು ಹೇಗೆ?

ಆದ್ದರಿಂದ ಕೇಳದೆ ಉರಿದ. ಮೈಕಿನ ಹತ್ತಿರ ಶ್ಯಾಮಸುಂದರನ ಭುಜ ಅವಳ ಭುಜಕ್ಕೆ ತಾಗಿದರೆ ಉರಿದ. ಅವಳು ಚಹಾ ಕೊಡುವಾಗ ಅವನಿಗೆ ಸಕ್ಕರೆ ಕಡಿಮೆ ಎಂದು ನೆನಪಿಟ್ಟರೆ ಉರಿದ. ಪರದೆಯ ಮೇಲಿನ ಮೀಸೆಯ ಗಡಿಯಾರದವನ ಮೇಲೆ ಮಾತ್ರ ಪ್ರೀತಿ ಬಂತು. ಪಾಪ, ಮಾತಿಲ್ಲ, ಬಾಯಿ ಅಲುಗಿದರೆ ಬರುವುದು ಇನ್ನೊಬ್ಬನ ದನಿ, ಅವನ ಹೆಂಡತಿಗೆ ಉತ್ತರ ಕೊಡುವವನು ಯಾರೋ ಮೈಸೂರಿನವನು. ನನ್ನ ಗತಿಯೂ ನಿನ್ನ ಗತಿಯೂ ಒಂದೇ ಭಾವ, ಎಂದು ಡೋಲ್ಫಿ ಅವನಿಗೆ ಮನಸ್ಸಿನಲ್ಲೇ ಹೇಳಿದ.

ಕಾರ್ಮೆಲ್ ಮಾತಾಡಲು ನೋಡಲಿಲ್ಲ ಎಂದಲ್ಲ. ಪ್ರದರ್ಶನದ ಹಿಂದಿನ ದಿನ ಕೇಳಿದಳು.

"ನಿಮಗೆ ಎಂತ ಆಗಿದೆ? ಮುಖ ಊದಿಸಿಕೊಂಡು ಕೂತಿದ್ದೀರಿ."

"ನನಗೆಂತ ಆಗ್ಲಿಕ್ಕುಂಟು? ನಾನು ಬಾಗಿಲು ಹಾಕುವವ."

"ನಿಮ್ಮ ಹತ್ತಿರ ಒಂದು ವಿಷಯ ಹೇಳ್ಲಿಕ್ಕಿತ್ತು. ನಗಾಡ್ಬಾರದು."

ಬಂತು, ಎಂದುಕೊಂಡ ಡೋಲ್ಫಿ. "ನಾಟಕ ಆದ ಮೇಲೆ ಹೇಳು," ಎಂದು ಟವೆಲು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನೀರು ಜೋರಾಗಿ ಬಿಟ್ಟ.

ನಗಾಡಬಾರದು ಎಂದು ಅವಳು ಹೇಳಿದ್ದಕ್ಕೆ ಕಾರಣವಿತ್ತು. ಅವಳ ಆಸ್ಪತ್ರೆಯಿಂದ ನರ್ಸುಗಳು ಒಬ್ಬೊಬ್ಬರಾಗಿ ಐರ್ಲೆಂಡು, ಕೆನಡಾ ಎಂದು ಹೊರಡುತ್ತಿದ್ದರು. ನಾವೂ ನೋಡುವನಾ ಎಂದು ಕಾರ್ಮೆಲ್ ಕೇಳಿದಾಗಲೆಲ್ಲ ಡೋಲ್ಫಿ ಎದ್ದು ನಿಂತು ಹಲ್ಲು ಕಟಕಟಿಸಿ, ಚಳಿಗೆ ಮೂಗು ಉದುರಿ ಬಿದ್ದವನ ಹಾಗೆ ನೆಲದಲ್ಲಿ ಹುಡುಕುತ್ತಿದ್ದ. ಬಂದ ಅತಿಥಿಗಳು ಬಿದ್ದು ಬಿದ್ದು ನಗುತ್ತಿದ್ದರು. ಕಾರ್ಮೆಲ್ ಕೂಡ ನಗುತ್ತಿದ್ದಳು. ಈಚೆಗೆ ಅವಳು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಳು. ತಾನು ಗೆದ್ದೆ ಎಂದು ಡೋಲ್ಫಿ ತಿಳಿದಿದ್ದ.

ಶುಕ್ರವಾರ ಮಧ್ಯಾಹ್ನ ಹಾಲು ತುಂಬಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ದೀಪ ಆರಿತು. ಬಳಗದ ಹುಡುಗ ರಾಯ್ಸ್ಟನ್ ಕೀಬೋರ್ಡಿನಲ್ಲಿ ಮೆಲ್ಲಗೆ ನುಡಿಸಲು ಶುರು ಮಾಡಿದ. ಪರದೆಯ ಬಲಕ್ಕೆ ಕಾರ್ಮೆಲ್ ಮತ್ತು ಶ್ಯಾಮಸುಂದರ್, ಎಡಕ್ಕೆ ತನ್ನ ಬೀಗ, ಮರಳು, ಗ್ಲಾಸುಗಳ ಸಂಸಾರ ಹರಡಿಕೊಂಡು ಡೋಲ್ಫಿ. ಅವನಿಗೂ ಒಂದು ಸಣ್ಣ ಮೈಕ್ ಇತ್ತು, ಸದ್ದು ಕೇಳಿಸಲಿ ಎಂದು.

ಚಿತ್ರ ಚೆನ್ನಾಗಿಯೇ ಓಡಿತು. ಜನ ಮೊದಮೊದಲು ಮುಸಿಮುಸಿ ನಕ್ಕರು, ಆಮೇಲೆ ಸುಮ್ಮನಾದರು. ಶ್ಯಾಮಸುಂದರನ ದನಿ ಹಾಲನ್ನೆಲ್ಲ ತುಂಬಿತು. ಇದನ್ನೇ ಡೋಲ್ಫಿಗೆ ತಡೆಯಲಾಗಲಿಲ್ಲ. ನಡುವೆ ಒಂದು ದೃಶ್ಯ ಬರುತ್ತದೆ. ಗಡಿಯಾರದವನು ಅನುಮಾನ ಮರೆತು ಹೆಂಡತಿಯ ಕೈ ಹಿಡಿದು, ನೀನಿಲ್ಲದೆ ಈ ಮನೆಯಲ್ಲಿ ಗಡಿಯಾರಗಳಿಗೂ ಗಂಟೆ ಹೊಡೆಯಲು ಮನಸ್ಸಿಲ್ಲ ಎನ್ನುತ್ತಾನೆ. ಶ್ಯಾಮಸುಂದರ್ ಅದನ್ನು ಹೇಳಿದ. ಅವಸರವಿಲ್ಲದೆ, ಕಾರ್ಮೆಲ್‌ಳ ಮುಖ ನೋಡಿಕೊಂಡು ಹೇಳಿದ. ಕತ್ತಲಲ್ಲೂ ಅವಳ ಕಣ್ಣು ಹೊಳೆದದ್ದು ಡೋಲ್ಫಿಗೆ ಕಂಡಿತು. ಆ ನೋಟ ಅವನದ್ದು. ವರ್ಷಕ್ಕೊಮ್ಮೆ ಅವನಿಗೆ ಸಿಗುತ್ತಿದ್ದುದು ಅದೊಂದೇ.

ಜೋಡಿಸಿಟ್ಟಿದ್ದ ಚಹಾ ಗ್ಲಾಸುಗಳನ್ನು ಅವನು ಬೇಕೆಂದೇ ನೂಕಿದ. ಕೈ ತಾಗಿತು ಎಂದು ಆಮೇಲೆ ಹೇಳಿದ್ದು ಶುದ್ಧ ಸುಳ್ಳು. ಒಂದಲ್ಲ, ಅಷ್ಟೂ ಗ್ಲಾಸುಗಳು ಮೈಕಿನ ಬುಡದಲ್ಲಿ ಬಿದ್ದು ಚೂರಾದವು. ಪರದೆಯ ಮೇಲೆ ಗಂಡ ಹೆಂಡತಿ ಕೈ ಹಿಡಿದು ನಿಂತಿದ್ದಾರೆ, ಹಾಲಿನಲ್ಲಿ ಹೋಟೆಲಿನ ಅಡುಗೆಮನೆ ಕುಸಿದ ಸದ್ದು. ಜನ ಹೋ ಎಂದು ನಕ್ಕರು. ಶ್ಯಾಮಸುಂದರ್ ಮುಂದಿನ ಮಾತು ಮರೆತು ನಿಂತ. ಪಾವನಾ ತಲೆ ಮೇಲೆ ಕೈ ಹೊತ್ತುಕೊಂಡಳು. ಡೋಲ್ಫಿಗೆ ಕ್ಷಣ ಹೊತ್ತು ಹೊಟ್ಟೆ ತಣ್ಣಗಾಯಿತು.

ಆಗ ಕಾರ್ಮೆಲ್ ಅವನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಗುಣವಾಗುವುದಿಲ್ಲ ಎಂದು ಗೊತ್ತಾದ ಕಾಯಿಲೆಯವನನ್ನು ನೋಡುವ ಹಾಗೆ ನೋಡಿ ಪರದೆಯ ಕಡೆ ತಿರುಗಿದಳು. ಅಲ್ಲಿಂದಾಚೆ ಒಂದು ಮಾತೂ ತಪ್ಪದೆ ಹೇಳಿದಳು. ಜನರ ನಗು ಇಳಿಯಿತು, ಚಿತ್ರ ಮತ್ತೆ ದಾರಿಗೆ ಬಂತು. ಡೋಲ್ಫಿಯ ಹೊಟ್ಟೆ ಮಾತ್ರ ಮತ್ತೆ ತಣ್ಣಗಾಗಲಿಲ್ಲ.

ಕೊನೆಯ ದೃಶ್ಯ ಬಂತು. ಹೆಂಡತಿ ಶಾಲು ಹೊದ್ದು ಬಾಗಿಲ ಬಳಿ ನಿಂತಳು, ತುಟಿ ಅಲುಗಿತು. ಇಲ್ಲಿ ಮಾತಿಲ್ಲ, ಕೀಬೋರ್ಡು ಮಾತ್ರ ಎಂದು ಮೊದಲೇ ತೀರ್ಮಾನವಾಗಿತ್ತು. ಡೋಲ್ಫಿ ಚಿಲಕದ ಮೇಲೆ ಕೈಯಿಟ್ಟು ಕಾದ. ಕಾರ್ಮೆಲ್ ರಾಯ್ಸ್ಟನ್ ಕಡೆ ಕೈ ಎತ್ತಿ ನಿಲ್ಲಿಸು ಎಂದಳು. ಅವನು ನಿಲ್ಲಿಸಿದ. ಅವಳು ಮೈಕಿಗೆ ಬಾಗಿದಳು. ಪರದೆಯನ್ನು ನೋಡಲಿಲ್ಲ, ಶ್ಯಾಮಸುಂದರನನ್ನೂ ನೋಡಲಿಲ್ಲ.

"ನೀವು ಕೇಳಿದ್ದರೆ ಹೇಳುತ್ತಿದ್ದೆ," ಎಂದಳು. "ಹೇಳಲಿಕ್ಕೆ ಬಂದರೆ ಬಾಗಿಲು ಹಾಕಿಕೊಂಡಿರಿ. ಇವತ್ತು ಗ್ಲಾಸು ಒಡೆದಿರಿ. ನಾನು ಹೊರಟಿದ್ದೇನೆ."

ಡೋಲ್ಫಿಯ ಬಾಯಿಂದ ತಾನಾಗಿ ಬಂತು. ಅವನೆದುರಿಗೂ ಮೈಕ್ ಇತ್ತಲ್ಲ, ಎಲ್ಲರಿಗೂ ಕೇಳಿಸಿತು.

"ಎಲ್ಲಿಗೆ?"

"ಜರ್ಮನಿಗೆ," ಎಂದಳು ಕಾರ್ಮೆಲ್.

ಜನ ಗೊಳ್ಳೆಂದು ನಕ್ಕರು. ನಗದೆ ಏನು, ಜರ್ಮನಿಯ ಸಿನಿಮಾದಲ್ಲಿ ಜರ್ಮನಿಯಲ್ಲೇ ನಿಂತ ಹೆಂಗಸು ಜರ್ಮನಿಗೆ ಹೊರಟಿದ್ದಾಳೆ. ಯಾರೋ ಶಿಳ್ಳೆ ಹೊಡೆದರು. ನಗದೆ ಇದ್ದವರು ಮೂವರೇ. ಶ್ಯಾಮಸುಂದರ್ ತಲೆ ತಗ್ಗಿಸಿದ್ದ. ಕಾರ್ಮೆಲ್ ಡೋಲ್ಫಿಯನ್ನೇ ನೋಡುತ್ತಿದ್ದಳು. ಡೋಲ್ಫಿಗೆ ಅವಳ ನಾಟಕದ ದನಿಯೂ ಗೊತ್ತು, ನಿಜದ ದನಿಯೂ ಗೊತ್ತು. ಇದು ನಿಜದ್ದು. ವಾಯ್ಸ್ ಮೆಸೇಜು, ಸೊಟ್ಟ ಅಕ್ಷರ, ಹೊರಟುಹೋದ ನರ್ಸುಗಳು, ನಗಾಡ್ಬಾರದು ಎಂದು ಹೇಳಿದ್ದು, ಎಲ್ಲ ಒಮ್ಮೆಲೇ ತಲೆಗೆ ಹತ್ತಿತು. ಇಷ್ಟು ದಿನ ತಾನು ಕಾವಲು ಕಾದದ್ದು ತಪ್ಪು ಬಾಗಿಲನ್ನು. ಅವಳು ಹೋಗುತ್ತಿದ್ದದ್ದು ಶ್ಯಾಮಸುಂದರನ ಹತ್ತಿರಕ್ಕಲ್ಲ, ಕುವೈಟು ಬಿಟ್ಟು ಹೋಗುತ್ತಿದ್ದಳು ಅಷ್ಟೆ.

'ಮತ್ತೆ ನಾನು?' ಎಂದು ಕೇಳಲು ಬಾಯಿ ತೆರೆದ. ಸ್ಟೇಜಾಗಿದ್ದರೆ ಎದುರಿನವರು ಕಾಯುತ್ತಿದ್ದರು. ಸಿನಿಮಾ ಯಾರಿಗೆ ಕಾಯುತ್ತದೆ? ಪರದೆಯ ಹೆಂಗಸು ಆಗಲೇ ಹೊಸ್ತಿಲು ದಾಟಿದ್ದಳು. ಅಭ್ಯಾಸವಾದ ಕೈ ಅವನನ್ನು ಕೇಳದೆ ಚಿಲಕ ತಿರುಗಿಸಿ ಹಲಗೆ ನೂಕಿತು. ಬಾಗಿಲು ಎಷ್ಟು ಕರಾರುವಾಕ್ಕಾಗಿ, ಎಷ್ಟು ಗಟ್ಟಿಯಾಗಿ ಮುಚ್ಚಿತೆಂದರೆ ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪಾವನಾ ಓಡಿ ಬಂದು ಕೈ ಕುಲುಕಿದಳು. "ಆ ಕೊನೇ ಡೈಲಾಗು ನೀವಿಬ್ಬರೇ ಗುಟ್ಟಾಗಿ ಪ್ರಾಕ್ಟೀಸ್ ಮಾಡಿದ್ರಾ? ಗ್ಲಾಸನ್ನೂ ಅದಕ್ಕೇ ಒಡೆದಿರಿ ಅಲ್ವಾ? ಸೂಪರ್ ಅಂಕಲ್." ಡೋಲ್ಫಿ ಬಗ್ಗಿ ಗಾಜಿನ ಚೂರು ಹೆಕ್ಕುತ್ತಿದ್ದ.

ಕಾರು ಅಬು ಹಲೀಫಾದ ದಾರಿ ಹಿಡಿಯಿತು. ಎಡಗಡೆ ಸಮುದ್ರದ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಕಟ್ಟಡದ ಕೆಳಗೆ ಕಾರು ನಿಲ್ಲಿಸಿ ಡೋಲ್ಫಿ ಕೇಳಿದ.

"ಯಾವಾಗ?"

"ಭಾನುವಾರ ಇಂಟರ್‌ವ್ಯೂ. ವಿಡಿಯೋದಲ್ಲಿ. ಅಲ್ಲಿ ಒಂದು ಆಸ್ಪತ್ರೆ. ಜರ್ಮನ್ ಭಾಷೆಯ ಪರೀಕ್ಷೆ ಪಾಸಾಗಿದೆ."

"ಶ್ಯಾಮಸುಂದರ್‌ಗೆ ಎಲ್ಲ ಗೊತ್ತುಂಟು."

"ಪಾಠ ಹೇಳಿದವರಿಗೆ ಗೊತ್ತಿರದೆ? ಮೊದಲು ಗಂಡನಿಗೆ ಹೇಳಿ ಅಂತ ನನಗೆ ದಿನಾ ಬೈಯುತ್ತಿದ್ದರು."

ಇಷ್ಟಾದರೂ ಡೋಲ್ಫಿಯ ಹೊಟ್ಟೆಯ ತಳದಲ್ಲಿ ಒಂದು ಕಿಡಿ ಉಳಿದಿತ್ತು. ಅದನ್ನು ಅವಳ ಮುಖಕ್ಕೇ ಎಸೆದ. ಅವಳ ರಾಗದಲ್ಲೇ, ಅವಳು ನಿಲ್ಲಿಸುವಲ್ಲಿ ನಿಲ್ಲಿಸಿ ಹೇಳಿದ.

"ಮೈನ್ ಮಾನ್ ಕೊಮ್ಟ್ ಮಿಟ್. ಇದೆಂತ? ಇದು ಸಿನಿಮಾದಲ್ಲಿ ಎಲ್ಲಿತ್ತು?"

ಕಾರ್ಮೆಲ್ ತಿರುಗಿ ನೋಡಿದಳು. "ಎಷ್ಟು ಚೆಂದ ಹೇಳಿದ್ರಿ. ನನಗೇ ಹೀಗೆ ಬರುವುದಿಲ್ಲ."

"ಅರ್ಥ ಹೇಳು."

"ಒಬ್ಬರೇ ಬರ್ತೀರಾ ಅಂತ ಇಂಟರ್‌ವ್ಯೂನಲ್ಲಿ ಕೇಳ್ತಾರಂತೆ. ಉಳಿದದ್ದು ಎಲ್ಲ ತಪ್ಪಿದ್ರೂ ಇದೊಂದು ತಪ್ಪಬಾರದು ಅಂತ ಶ್ಯಾಮಣ್ಣನ ಹತ್ತಿರ ಮತ್ತೆ ಮತ್ತೆ ಹೇಳಿಸಿಕೊಂಡೆ." ಅವಳು ಮಡಿಲಲ್ಲಿದ್ದ ಬ್ಯಾಗಿನ ಪಟ್ಟಿ ಸರಿ ಮಾಡಿದಳು. "ನನ್ನ ಗಂಡ ನನ್ನ ಜೊತೆ ಬರ್ತಾನೆ. ಅದೇ ಅರ್ಥ."

ಡೋಲ್ಫಿ ಸ್ಟೀರಿಂಗ್ ಹಿಡಿದುಕೊಂಡೇ ಕೂತ. ಅಡುಗೆಮನೆಯಲ್ಲಿ ಅವಳು ಆ ಮಾತು ಹೇಳಿ ಹೇಳಿ ನಕ್ಕದ್ದು ಕಣ್ಣ ಮುಂದೆ ಬಂತು. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟುಕೊಂಡ ಗಂಡಸು ಈ ಕುವೈಟಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

"ಕೇಳುವವನಿದ್ದೆ ಕಾರ್ಮೆಲ್," ಎಂದ. "ಅಲ್ಲೇ, ಹಾಲಿನಲ್ಲೇ. ಮತ್ತೆ ನಾನು ಅಂತ ಕೇಳುವವನಿದ್ದೆ. ಬಾಯಿಗಿಂತ ಕೈ ಮೊದಲಾಯಿತು."

ಅವಳು ಸೀಟ್ ಬೆಲ್ಟು ಬಿಚ್ಚಿದಳು.

"ಭಾನುವಾರ ಹೇಳ್ತಿ ಅಲ್ವಾ? ಆ ಮಾತು?"

ಕಾರ್ಮೆಲ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. "ಗ್ಲಾಸು ಬೀಳುವವರೆಗೆ ಹೇಳುವವಳಿದ್ದೆ," ಎಂದಳು. "ಈಗ ಗೊತ್ತಿಲ್ಲ."

ಕಾರಿನಿಂದ ಇಳಿದು, ಬಾಗಿಲನ್ನು ಅವಳೇ ಹಾಕಿದಳು.